ಪುರುಸೊತ್ತಿನ ನೆರಳು

ನಾನು ದೋಣಿ ಎಳೆಯುವವನು, ದೋಣಿ ಹತ್ತುವವನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ದೋಣಿಯ ಕೆಲಸದವನು ಎಂದ ಕೂಡಲೇ ಜನ ನನ್ನನ್ನು ದೊಡ್ಡ ಸಮುದ್ರಶೂರ ಎಂದುಕೊಳ್ಳುತ್ತಾರೆ. ಮೂವತ್ತೆರಡು ವರ್ಷದಿಂದ ಹಾಯಿದೋಣಿಗಳನ್ನು ನೀರಿನಿಂದ ಮೇಲಕ್ಕೆ ಎಳೆದು, ಊರುಗೋಲು ಕೊಟ್ಟು ನಿಲ್ಲಿಸಿ, ಮುಂದಿನ ತಿರುಗಾಟದವರೆಗೆ ಕಾಯುತ್ತಾ ಬಂದಿದ್ದೇನೆ. ಈ ಕಥೆ ನಡೆಯುವವರೆಗೆ ಒಂದು ದಿನವೂ ಸೊಂಟದ ಮೇಲಿನ ನೀರಿಗೆ ಹೋದವನಲ್ಲ. ಅಲೆ ಕಂಡರೆ ಸಾಕು, ನನಗೆ ಹೊಟ್ಟೆ ತೊಳಸುತ್ತದೆ. "ಹೆಸರಿಗೆ ಬುದವಂತ, ಕಸುಬಿಗೆ ದೋಣಿಯವ, ವಾಂತಿ ಮಾಡುದು ಮಾತ್ರ ದಂಡೆ ಮೇಲೆ ನಿಂತು" ಎಂದು ನನ್ನ ಹೆಂಡತಿ ಗುಲಾಬಿ ನೆಂಟರ ಮುಂದೆಯೇ ಹೇಳುತ್ತಾಳೆ. ಹೇಳಲಿ. ಇಡೀ ಊರಿನಲ್ಲಿ ನನ್ನಷ್ಟು ನೆಟ್ಟಗೆ ದೋಣಿ ನಿಲ್ಲಿಸುವವರು ಇನ್ನೊಬ್ಬರಿಲ್ಲ.

ನಮ್ಮ ದೋಣಿಬಯಲು ಅಳಿವೆಯ ಪಕ್ಕದಲ್ಲಿದೆ. ತಿರುಗಾಟ ಮುಗಿಸಿದ ದೋಣಿ ಅಳಿವೆಯೊಳಗೆ ಬಂತೆಂದರೆ ನಾವು ಇಪ್ಪತ್ತು ಜನ ಸೇರುತ್ತೇವೆ. ತೆಂಗಿನ ಮರದ ಉರುಳೆಗಳಿಗೆ ಬೂತಾಯಿ ಮೀನಿನ ಎಣ್ಣೆ ಸವರಿ, ಐಸಾ ಎಂದು ಕೂಗು ಹಾಕುತ್ತಾ ಅದನ್ನು ಮೇಲಕ್ಕೆ ತರುತ್ತೇವೆ. ಎರಡೂ ಪಕ್ಕೆಗೆ ನಾಲ್ಕು ನಾಲ್ಕು ಊರುಗೋಲು. ಹಾಯಿಯ ಕಂಬವಾದ ಕೂವೆಮರ ಇಳಿಸಿ, ಹಾಯಿ ಮಡಚಿಟ್ಟ ಮೇಲೆ ಎಲ್ಲರೂ ಬದಿಗೆ ಸರಿದು ಬಿಸಿಲಿಗೆ ಕಾಯುತ್ತೇವೆ. ಬಿಸಿಲು ಬಂದ ಕೂಡಲೇ ದೋಣಿಯ ನೆರಳು ಮರಳಿನ ಮೇಲೆ ಬೀಳುತ್ತದೆ, ಬಿದ್ದಲ್ಲಿ ನೀರಾಗುತ್ತದೆ. ಆ ತಿರುಗಾಟದಲ್ಲಿ ದೋಣಿ ಎಲ್ಲಿ ಎಲ್ಲಕ್ಕಿಂತ ಹೆಚ್ಚು ದಿನ ನಿಂತಿತ್ತೋ, ಅಲ್ಲಿಯ ನೀರು. ಒಂದರ ನೆರಳು ಎಳೆ ಹಸಿರು, ಇನ್ನೊಂದರದು ಕೆಸರು ಬಣ್ಣ, ಮತ್ತೊಂದರದು ಕಾಲಿಟ್ಟರೆ ಹಲ್ಲು ಕಟಕಟ ಎನ್ನುವಷ್ಟು ತಣ್ಣಗೆ. ನೆರಳಿನ ಅಂಚಿನಲ್ಲಿ ಮೊಣಕಾಲಿನವರೆಗೆ ಬರುತ್ತದೆ. ದೋಣಿಯ ಅಡಿಮರದ ಕೆಳಗೆ ಎಷ್ಟು ಆಳವೆಂದು ಯಾರೂ ಇಳಿದು ನೋಡಿಲ್ಲ. ಗುಲಾಬಿಯ ತವರಿನ ಹಿತ್ತಾಳೆ ಚೊಂಬು ಒಮ್ಮೆ ಅಲ್ಲಿ ಕೈಜಾರಿ ಬಿತ್ತು, ಅದು ಈಗ ಯಾವ ದೇಶದ ಮರಳಿನಲ್ಲಿದೆಯೋ ದೇವರೇ ಬಲ್ಲ.

ಬೆಳಗಿನ ನೆರಳು ಅಳಿವೆಯ ಕಡೆಗೆ ಬೀಳುವುದರಿಂದ ಯಾರಿಗೂ ತೊಂದರೆಯಿಲ್ಲ. ಸಂಜೆಯದೇ ಕಿರಿಕಿರಿ. ಹೊತ್ತು ಇಳಿದ ಹಾಗೆ ನೆರಳು ಉದ್ದವಾಗಿ ಮೂಡುಕೇರಿಯ ಅಂಗಳಗಳಿಗೆ ನುಗ್ಗುತ್ತದೆ. ಅದಕ್ಕೇ ನಮ್ಮ ಕೇರಿಯ ಹೊಸ್ತಿಲುಗಳೆಲ್ಲ ಮೊಣಕಾಲೆತ್ತರ. ಹೊಸ ಸೊಸೆಯಂದಿರು ಮೊದಲ ವಾರ ಎಡವಿ ಬೀಳುತ್ತಾರೆ, ಆಮೇಲೆ ರೂಢಿಯಾಗುತ್ತದೆ. ಅಂಚೆಯವನು ನಾಲ್ಕು ಗಂಟೆಯ ನಂತರ ಚಪ್ಪಲಿ ಕೈಯಲ್ಲಿ ಹಿಡಿದು, ಪಂಚೆ ಎತ್ತಿ ಕಟ್ಟಿಕೊಂಡು ಬರುತ್ತಾನೆ. ಮೋಡ ಮುಚ್ಚಿತೆಂದರೆ ನೀರು ಕಣ್ಣುಮುಚ್ಚಿ ತೆರೆಯುವುದರಲ್ಲಿ ಮಾಯ. ಅರ್ಧ ತೊಳೆದ ಕಾಲು ಹಾಗೇ ಉಳಿಯುತ್ತದೆ. ಹೆಚ್ಚಿನವರು ಹತ್ತು ಹದಿನೈದು ದಿನ ತಮ್ಮ ದೋಣಿಯ ನೀರನ್ನು ಊರವರಿಗೆಲ್ಲ ತೋರಿಸಿ, ಆಮೇಲೆ ತೆಂಗಿನ ಮಡಲಿನ ಚಪ್ಪರ ಹಾಕಿಸಿಬಿಡುತ್ತಾರೆ. ಚಪ್ಪರದಡಿಯ ದೋಣಿಗೆ ತನ್ನದೆಂಬ ನೆರಳಿಲ್ಲ. ಆದರೆ ಚಪ್ಪರ ಹಾಕದೆ ಇರುವ ಹಾಗೂ ಇಲ್ಲ, ಬಿಸಿಲಿಗೆ ಒಣಗಿದ ಹಲಗೆ ಸೀಳುತ್ತದೆ.

ಶಾಂತಾರಾಮ ಮಾಸ್ತರು ಭೂಗೋಳ ಕಲಿಸುತ್ತಿದ್ದವರು. ನಿವೃತ್ತಿಯಾದ ವರ್ಷವೇ ಹಾಯಿದೋಣಿ ಕಟ್ಟಿಸಿ ಅದಕ್ಕೆ 'ಪುರುಸೊತ್ತು' ಎಂದು ಹೆಸರಿಟ್ಟರು. "ಮೂವತ್ತೈದು ವರ್ಷ ಇದೊಂದು ಇರ್ಲಿಲ್ಲ ಮಾರಾಯ, ಈಗ ಕಟ್ಟಿಸಿಕೊಂಡೆ" ಎಂದು ನಗುತ್ತಿದ್ದರು. ಮಳೆಗಾಲ ಮುಗಿದ ಮೇಲೆ ಅವರೂ ಹೆಂಡತಿ ಅಹಲ್ಯಕ್ಕನೂ ಹೊರಟರೆ, ಬರುವುದು ಮುಂದಿನ ಮಳೆಯ ಮುಂಚೆ. ಹಾಯಿ, ಹಗ್ಗ, ಚುಕ್ಕಾಣಿ ಎಲ್ಲ ಅಹಲ್ಯಕ್ಕನದು. ಎಲ್ಲಿದ್ದೇವೆ, ಎತ್ತ ಹೋಗಬೇಕು ಎಂಬ ಲೆಕ್ಕಾಚಾರ ಮಾತ್ರ ಮಾಸ್ತರದು. ಒಂಬತ್ತು ವರ್ಷ ನಾನೇ ಅವರ ದೋಣಿಯನ್ನು ಮೇಲೆ ತಂದಿದ್ದೇನೆ. ಪ್ರತಿ ವರ್ಷವೂ ಮಾಸ್ತರು ನೆರಳಿನ ನೀರಿನಲ್ಲಿ ಮೊದಲು ತಾವೇ ಕಾಲಿಟ್ಟು, ಅಲ್ಲಿಯ ಗಾಳಿ, ಅಲ್ಲಿಯ ಮೀನು, ಅಲ್ಲಿಯವರು ಅನ್ನಕ್ಕೆ ಏನು ಕೂಡಿಸಿಕೊಳ್ಳುತ್ತಾರೆ ಎಂದು ಸಣ್ಣ ಪಾಠ ಮಾಡುತ್ತಿದ್ದರು. ನಾವು ಹಗ್ಗ ಸುತ್ತುತ್ತಾ ಕೇಳುತ್ತಿದ್ದೆವು.

ಹತ್ತನೆಯ ವರ್ಷ ಅಹಲ್ಯಕ್ಕ ಒಬ್ಬರೇ ಬಂದರು. ದೋಣಿ ಅಳಿವೆಯಲ್ಲಿ ಅಡ್ಡಾದಿಡ್ಡಿ ತೇಲುತ್ತಿತ್ತು. ಹಗ್ಗ ಎಸೆದಾಗ ಹಿಡಿದುಕೊಂಡರು, ಆದರೆ ಕಟ್ಟುವುದಕ್ಕೆ ಕೈಯಲ್ಲಿ ತ್ರಾಣವಿರಲಿಲ್ಲ. ಆ ಸಲ ಎಲ್ಲೂ ದಡ ಮುಟ್ಟಿ ನಿಲ್ಲುವ ಮೊದಲೇ ಮಾಸ್ತರಿಗೆ ನಡುನೀರಿನಲ್ಲಿ ಜ್ವರ ಬಂದು, ಐದನೆಯ ದಿನ ಹೋಗಿಬಿಟ್ಟಿದ್ದರು. ದಡ ಎತ್ತ ಇದೆ ಎಂದು ಹೇಳುವವರೇ ಹೋದ ಮೇಲೆ ಅಹಲ್ಯಕ್ಕ ಏನು ಮಾಡಿಯಾರು? ಸಣ್ಣ ಹಾಯಿಯಲ್ಲಿ ಸುತ್ತಿ, ಹೆಚ್ಚುವರಿ ಲಂಗರು ಕಟ್ಟಿ, ಒಬ್ಬರೇ ಅವರನ್ನು ನೀರಿಗೆ ಕೊಟ್ಟಿದ್ದರು. ಆಮೇಲೆ ಅಲ್ಲಿಂದ ಕದಲಲು ಮನಸ್ಸಾಗದೆ ಹಾಯಿ ಇಳಿಸಿ ಕೂತಿದ್ದರಂತೆ. ಕೊನೆಗೆ ಯಾವುದೋ ಗಾಳಿ, ಯಾವುದೋ ಮೀನುಗಾರರು ದಾರಿ ತೋರಿಸಿ ಊರಿಗೆ ಮುಟ್ಟಿಸಿದರು. ಆ ಜಾಗ ಎಲ್ಲಿ ಎಂದು ಕೇಳಿದರೆ ಅವರಿಗೆ ಗೊತ್ತಿಲ್ಲ. ಮಾಸ್ತರು ದಾರಿ ಬರೆದಿಡುತ್ತಿದ್ದ ಪುಸ್ತಕದಲ್ಲಿ ಜ್ವರ ಬಂದ ದಿನದಿಂದ ಹಾಳೆಗಳು ಖಾಲಿ.

ಆ ಸಲ ಪುರುಸೊತ್ತಿನ ನೆರಳಿಗೆ ಯಾರೂ ಪಾಠ ಮಾಡಲಿಲ್ಲ. ಗಾಢ ನೀಲಿ ನೀರು, ಒಂದು ಮೀನಿಲ್ಲ, ಒಂದು ಪಾಚಿಯಿಲ್ಲ. ಮೇಲೆ ಬೆಚ್ಚಗೆ, ಬೆರಳು ಇಳಿಸಿದರೆ ತಣ್ಣಗೆ. ಅಹಲ್ಯಕ್ಕ ಮನೆಯಿಂದ ಮಣೆ ತಂದು ಅಂಚಿನಲ್ಲಿ ಹಾಕಿಕೊಂಡು, ಎರಡೂ ಪಾದ ಅದರಲ್ಲಿ ಇಳಿಬಿಟ್ಟು ಕೂತರು. ಯಾವ ನೀರು ಎಂದು ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ನಾವು ಒಬ್ಬೊಬ್ಬರಾಗಿ ತಲೆಯ ಮುಂಡಾಸು ತೆಗೆದು ಕೈಯಲ್ಲಿ ಹಿಡಿದುಕೊಂಡೆವು.

ಅಂದಿನಿಂದ ದಿನಾ ಊಟ ಮುಗಿಸಿ ಬರುತ್ತಿದ್ದರು. ಕೂತು ಗಂಡನಿಗೆ ವರದಿ ಒಪ್ಪಿಸುತ್ತಿದ್ದರು. ಹಾಲಿನವಳ ಎಮ್ಮೆ ಕರು ಹಾಕಿತು, ಪಕ್ಕದ ಮನೆಯವರು ಗೋಡೆಗೆ ಎಂಥದೋ ಹಾಳು ಬಣ್ಣ ಬಳಿಸಿದ್ದಾರೆ, ನಿಮ್ಮ ಶಿಷ್ಯನೊಬ್ಬ ಬಂದಿದ್ದ, ನಿಮ್ಮ ಛತ್ರಿ ಕೊಟ್ಟು ಕಳಿಸಿದೆ, ಹೀಗೆ. ಒಮ್ಮೊಮ್ಮೆ ಜಗಳವನ್ನೂ ಆಡುತ್ತಿದ್ದರು. "ಜ್ವರ ಬಂದ ದಿನವೇ ತಿರುಗಿಸುವ ಅಂತ ನಾನು ಬಡ್ಕೊಂಡೆ, ಕೇಳಿದ್ರಾ ನೀವು?" ಎನ್ನುವುದು ಒಂದೆರಡು ಸಲ ನನ್ನ ಕಿವಿಗೂ ಬಿದ್ದಿದೆ. ಚಪ್ಪರದ ಮಾತೆತ್ತಿದರೆ ಕೈ ಅಡ್ಡ ಮಾಡುತ್ತಿದ್ದರು. ಮಳೆಗಾಲದಲ್ಲಿ ಹೇಗೋ ಒಪ್ಪಿಸಿ ಹೊದೆಸಿದೆ. ಆದರೂ ಚೂರು ಬಿಸಿಲು ಇಣುಕಿದರೆ ಕೊಡೆ ಹಿಡಿದುಕೊಂಡು ಓಡಿ ಬರುವುದೇ, "ಬುದವಂತ, ತೆಗಿ ತೆಗಿ, ಬಿಸಿಲು ಬಂತು!" ಎನ್ನುವುದೇ. ನಾನು ಗೊಣಗುತ್ತಾ ತೆಗೆಯುತ್ತಿದ್ದೆ.

ಚಳಿಗಾಲ ಕಳೆದು ಬಿಸಿಲು ಏರುವಷ್ಟರಲ್ಲಿ ಪುರುಸೊತ್ತಿನ ಹಲಗೆಗಳ ಸಂದಿಯಲ್ಲಿ ನನ್ನ ಕಿರುಬೆರಳು ಹೋಗುತ್ತಿತ್ತು. ತುರುಕಿದ್ದ ಹತ್ತಿ ಒಣಗಿ ಉದುರುತ್ತಿತ್ತು. ಒಳಗೆ ಕೂತರೆ ಪಕ್ಕೆಯ ಬಿರುಕಿನಿಂದ ಮೂಡುಕೇರಿಯ ಮನೆಗಳು ಕಾಣಿಸುತ್ತಿದ್ದವು. ಒಂದು ದಿನ ತಡೆಯಲಾರದೆ ಹೇಳಿದೆ: "ಅಕ್ಕ, ಇನ್ನೊಂದು ಬೇಸಿಗೆ ಇದು ತಾಳುದಿಲ್ಲ. ಅಡಿಮರ ಸೀಳಿದ್ರೆ ಮುಗೀತು, ಸೌದೆಗೇ ಸೈ. ಆಗ ದೋಣಿಯೂ ಇಲ್ಲ, ನೆರಳೂ ಇಲ್ಲ." ಅಹಲ್ಯಕ್ಕ ಕಾಲನ್ನು ನೀರಿನಿಂದ ತೆಗೆಯದೆಯೇ ಹೇಳಿದರು: "ನನಗೆ ಗೊತ್ತುಂಟು ಬುದವಂತ. ನೀರಿಗೆ ಇಳಿಸಿದ್ರೆ ಹೊಸ ತಿರುಗಾಟ, ಈ ನೀರು ಹೋಯ್ತು. ಮಡಲು ಹಾಕಿದ್ರೆ ನಾನು ಎಲ್ಲಿ ಕೂತುಕೊಳ್ಳುದು? ಸೀಳುವವರೆಗೆ ಸೀಳ್ಲಿ." ನಾನು ಊರುಗೋಲುಗಳನ್ನು ಒಮ್ಮೆ ಒದ್ದು ನೋಡಿ ಮನೆಗೆ ಬಂದೆ.

ಹಾಗಿರುವಾಗ ಅವರ ಕಣ್ಣಿಗೆ ಪೊರೆ ಬಂತು. ಪೊರೆ ತೆಗೆಸಲು ಪೇಟೆಯ ಆಸ್ಪತ್ರೆಗೆ ಹೋಗಬೇಕು, ಐದು ದಿನ ಅಲ್ಲೇ ತಂಗಿಯ ಮನೆಯಲ್ಲಿರಬೇಕು. ಹೊರಡುವಾಗ ನನ್ನನ್ನು ಕರೆದು, "ನೋಡ್ಕೊ. ಮಡಲು ಮಾತ್ರ ಹಾಕ್ಬೇಡ" ಎಂದರು. ಹಾಕುವುದಿಲ್ಲ ಎಂದು ಮಾತು ಕೊಟ್ಟೆ. ಆ ಮಾತನ್ನು ಉಳಿಸಿಕೊಂಡೆ ಕೂಡ. ಮಾಡಿದ್ದು ಅದಕ್ಕಿಂತ ದೊಡ್ಡ ಕಿತಾಪತಿ.

ಒಣಗಿದ ದೋಣಿಯನ್ನು ನೀರಿಗಿಳಿಸುವ ಮುಂಚೆ ಒಳಗೆ ಅಳಿವೆಯ ನೀರು ತುಂಬಿಸಿಡುವುದು ನಮ್ಮ ಪದ್ಧತಿ. ಹಲಗೆ ನೀರು ಕುಡಿದು ಉಬ್ಬಿ, ಸಂದಿಗಳು ತಾವಾಗಿ ಮುಚ್ಚಿಕೊಳ್ಳುತ್ತವೆ. ಸಾಮಾನ್ಯವಾಗಿ ಅರ್ಧ ದಿನ ಸಾಕು. ನನ್ನ ತಲೆಗೆ ಹೊಳೆದದ್ದು ಇಷ್ಟೇ: ಹೊರಗಿನ ನೀರು ಬೇರೆ, ಒಳಗಿನ ನೀರು ಬೇರೆ. ದೋಣಿಯೇನು ನೀರಿನಲ್ಲಿ ನಿಂತಿಲ್ಲವಲ್ಲ, ನೀರೇ ದೋಣಿಯಲ್ಲಿ ನಿಂತಿದೆ. ಅಕ್ಕ ಬರುವಷ್ಟರಲ್ಲಿ ಹಲಗೆ ಗಟ್ಟಿ ಮಾಡಿಟ್ಟರೆ ದೋಣಿಯೂ ಉಳಿಯುತ್ತದೆ, ನೆರಳೂ ಉಳಿಯುತ್ತದೆ. ಇದನ್ನು ಗುಲಾಬಿಗೆ ಹೇಳಿದಾಗ ಅವಳು ಮೀನು ಕೊಯ್ಯುವುದನ್ನು ನಿಲ್ಲಿಸಿ, "ಅಕ್ಕನ ಹತ್ರ ಒಂದು ಮಾತು ಕೇಳಿ ಮಾಡಿ" ಎಂದಳು. "ಕೇಳಿದ್ರೆ ಬೇಡ ಅಂತಾರೆ ಮಾರಾಯ್ತಿ" ಎಂದೆ. "ಹಾಗಾದ್ರೆ ಬೇಡ ಅಂತಲೇ ಅರ್ಥ" ಎಂದು ಮತ್ತೆ ಮೀನು ಕೊಯ್ಯತೊಡಗಿದಳು. ನಾನು ಕೇಳಲಿಲ್ಲ.

ಮೊದಲ ದಿನ ಸುರಿದ ನೀರೆಲ್ಲ ಜರಡಿಯಲ್ಲಿ ಇಳಿದಂತೆ ಇಳಿದುಹೋಯಿತು. ಕೊಡದ ಮೇಲೆ ಕೊಡ ಹೊತ್ತೆ. ಎರಡನೆಯ ದಿನ ಸೋರುವುದು ಸಣ್ಣಗಾಯಿತು, ಮೂರನೆಯ ದಿನ ಬರೀ ತೊಟ್ಟಿಕ್ಕುತ್ತಿತ್ತು. ಕೆಳಗೆ ನೆರಳು ಹಾಗೇ ನೀಲಿಯಾಗಿತ್ತು. ನೋಡಿದೆಯಾ ನನ್ನ ಬುದ್ಧಿ ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. ನಾಲ್ಕನೆಯ ದಿನ ಇಡೀ ಮೋಡ. ನೆರಳೇ ಇಲ್ಲ, ನೋಡುವುದೇನು? ಸಂಜೆಗೆ ಒಂದು ಹನಿಯೂ ಸೋರಲಿಲ್ಲ. ನೀರನ್ನೆಲ್ಲ ಮೊಗೆದು ಚೆಲ್ಲಿ, ಒಳಗೆಲ್ಲ ಒರೆಸಿ, ಹಲಗೆಗೆ ಕಿವಿಯಿಟ್ಟು ಬಡಿದು ನೋಡಿದೆ. ಹೊಸ ದೋಣಿಯ ಶಬ್ದ ಬಂತು. ಆ ದಿನ ಎರಡು ತುತ್ತು ಹೆಚ್ಚೇ ಉಂಡೆ.

ಮರುದಿನ ನಾಲ್ಕು ಗಂಟೆ ಕಳೆದ ಮೇಲೆ ಅಹಲ್ಯಕ್ಕ ಕಪ್ಪು ಕನ್ನಡಕ ಹಾಕಿಕೊಂಡು ಬಂದರು. ಮೋಡ ಚದುರಿ ಬಿಸಿಲು ಚೆನ್ನಾಗಿತ್ತು. ನಾನು ಹಲ್ಲು ಕಿರಿಯುತ್ತಾ ನಿಂತಿದ್ದೆ, ಅಕ್ಕನಿಗೆ ಪಕ್ಕೆ ತೋರಿಸಬೇಕೆಂದು. ಅವರು ಮಣೆ ಹಾಕಿ ಕೂತು ಪಾದ ಇಳಿಬಿಟ್ಟವರು ಹಾಗೇ ಮೇಲಕ್ಕೆ ಎಳೆದುಕೊಂಡರು. ಕನ್ನಡಕ ತೆಗೆದು ಬಗ್ಗಿ ನೋಡಿದರು. ನೀರು ಮಾಸಲು ಬಣ್ಣಕ್ಕೆ ತಿರುಗಿತ್ತು, ಅದರ ಮೇಲೆ ಅಳಿವೆಯ ದಂಡೆಯಲ್ಲಿ ಬೆಳೆಯುವ ಕಾಂಡ್ಲ ಗಿಡದ ಹಣ್ಣೆಲೆಯೊಂದು ತೇಲುತ್ತಿತ್ತು. ನಮ್ಮ ಅಳಿವೆಯ ಕೆಸರಿನ ವಾಸನೆ ನನಗೂ ಬಡಿಯಿತು. "ಕಣ್ಣು ಹೊಸತಲ್ವಾ," ಅಹಲ್ಯಕ್ಕ ನಿಧಾನವಾಗಿ ಹೇಳಿದರು, "ಬಣ್ಣ ಎಲ್ಲ ಬೇರೆ ಕಾಣ್ತದೆ ಅಂತ ಡಾಕ್ಟರು ಹೇಳಿದ್ದಾರೆ. ನಾಲ್ಕು ದಿನ ಹೋದ್ರೆ ಸರಿ ಆಗ್ತದಂತೆ."

ಸುಳ್ಳು ಹೇಳುವುದಿಲ್ಲ, ಹೌದಕ್ಕ ಎಂದು ಹೇಳಿಬಿಡುವ ಎಂದು ಒಂದು ಕ್ಷಣ ಅನಿಸಿತು. ಆದರೆ ಅವರು ಮತ್ತೆ ಪಾದ ಇಳಿಸಿ, "ಕೇಳಿದ್ರಾ, ಆಪರೇಷನ್ ಆಯ್ತು" ಎಂದು ಆ ಕೆಸರು ನೀರಿಗೆ ಹೇಳತೊಡಗಿದಾಗ ನನಗೆ ತಡೆಯಲಾಗಲಿಲ್ಲ. "ಅಕ್ಕ, ಕಣ್ಣಿನದ್ದಲ್ಲ, ನನ್ನದು" ಎಂದೆ. ತುಂಬಿಸಿದ್ದು, ಸೋರಿದ್ದು, ಒಣಗಿಸಿದ್ದು ಎಲ್ಲ ಹೇಳಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: "ಎಷ್ಟು ದಿನ ನೀರು ಇಟ್ಟೆ?" "ನಾಲ್ಕು ದಿನ ಅಕ್ಕ." ಅಹಲ್ಯಕ್ಕ ಬೆರಳು ಮಡಚಲೂ ಇಲ್ಲ. "ನಾನು ಅಲ್ಲಿ ಮೂರು ದಿನ ನಿಂತಿದ್ದೆ" ಎಂದರು.

ಎದ್ದು ನಿಂತರು. ಬೈಯುತ್ತಾರೆ, ಹೊಡೆಯುತ್ತಾರೆ ಎಂದುಕೊಂಡೆ. ಹೊಡೆದಿದ್ದರೆ ಎಷ್ಟೋ ವಾಸಿಯಿತ್ತು. "ನಾನು ಅವರನ್ನು ನೀರಿಗೆ ಕೊಡುವಾಗ ನನ್ನ ಕೈಯಾರೆ ಕೊಟ್ಟೆ ಬುದವಂತ. ನೀನು ನನಗೆ ಹೇಳದೇ ತೆಗೆದೆ" ಎಂದು ಹೇಳಿ, ಮಣೆಯನ್ನು ಅಲ್ಲೇ ಬಿಟ್ಟು, ಮೂಡುಕೇರಿಯ ನೀರಿನಲ್ಲಿ ಸೀರೆಯ ಅಂಚು ಒದ್ದೆ ಮಾಡಿಕೊಂಡು ನಡೆದುಹೋದರು. ನಾನು ಮರಳಿನ ಮೇಲೆ ಕೂತು ಅತ್ತುಬಿಟ್ಟೆ. ಐವತ್ತಾರು ವರ್ಷದ ಗಂಡಸು ಬಿಸಿಲಿನಲ್ಲಿ ಕೂತು ಅಳುವುದನ್ನು ಅಂಚೆಯವನೂ ನೋಡಿದ.

ಆರು ದಿನ ಅವರ ಬಾಗಿಲು ನನಗೆ ತೆರೆಯಲಿಲ್ಲ. ದಿನಾ ಹೋಗಿ ಜಗಲಿಯಲ್ಲಿ ಕೂತು ಬರುತ್ತಿದ್ದೆ. ಗುಲಾಬಿ ಗಂಜಿ ಕೊಟ್ಟು ಕಳಿಸಿದರೆ ನಾನು ಎದ್ದುಹೋದ ಮೇಲೆ ಪಾತ್ರೆ ಒಳಗೆ ಹೋಗುತ್ತಿತ್ತು, ಮರುದಿನಕ್ಕೆ ತೊಳೆದು ಹೊರಗೆ ಬಂದಿರುತ್ತಿತ್ತು. ಮನೆಯಲ್ಲಿ ಗುಲಾಬಿಯೂ ಬೈಯಲಿಲ್ಲ, ಅದೇ ನನಗೆ ಹೆಚ್ಚು ಹೆದರಿಕೆ. ಏಳನೆಯ ದಿನ ಅಹಲ್ಯಕ್ಕ ತಾವೇ ದೋಣಿಬಯಲಿಗೆ ಬಂದರು. ಪುರುಸೊತ್ತಿನ ಸುತ್ತ ಒಂದು ಸುತ್ತು ಬಂದು, ಹಲಗೆಗಳನ್ನು ಬೆರಳ ಗೆಣ್ಣಿನಿಂದ ತಟ್ಟುತ್ತಾ ಹೋದರು. "ಗಟ್ಟಿ ಮಾಡಿದ್ದೀಯ" ಎಂದರು. ಆಮೇಲೆ, "ನಾಳೆ ಇಳಿಸು. ಹುಡುಕಲಿಕ್ಕೆ ಹೋಗ್ತೇನೆ. ಒಬ್ಬಳಿಗೆ ಹಾಯಿ ಎತ್ತಲಿಕ್ಕೆ ಆಗುದಿಲ್ಲ. ಕೆಡಿಸಿದವನು ನೀನು, ನೀನೇ ಬಾ" ಎಂದರು. ಮನೆಗೆ ಓಡಿ ಗುಲಾಬಿಗೆ ಹೇಳಿದೆ. ಅವಳು ಕೂಡಲೇ ಒಂದು ಬುಟ್ಟಿ ಲಿಂಬೆಹಣ್ಣು ತಂದಿಟ್ಟು, "ಮೂಸ್ತಾ ಇರಿ, ಸಾಯುದಿಲ್ಲ" ಎಂದಳು. ಅವಳ ಕಣ್ಣಿನಲ್ಲೂ ನೀರಿತ್ತು, ಅದು ಬೇರೆ ಮಾತು.

ಆ ಹನ್ನೊಂದು ದಿನಗಳನ್ನು ಏನೆಂದು ವರ್ಣಿಸಲಿ? ಮೊದಲ ನಾಲ್ಕು ದಿನ ನಾನು ಮನುಷ್ಯನೇ ಆಗಿರಲಿಲ್ಲ. ಹಗ್ಗ ಎಳೆ ಎಂದರೆ ಎಳೆಯುವುದು, ವಾಂತಿ ಮಾಡುವುದು, ಲಿಂಬೆಹಣ್ಣು ಮೂಸುವುದು. ಐದನೆಯ ದಿನ ಕಣ್ಣು ತೆರೆದಾಗ ಸುತ್ತ ಎಲ್ಲೂ ದಡವಿರಲಿಲ್ಲ, ಆದರೂ ಹೆದರಿಕೆಯಾಗಲಿಲ್ಲ. ನೀರಿನ ಮೇಲೆ ದೋಣಿಯ ನೆರಳು ಬಿದ್ದಿತ್ತು, ಬರೀ ನೆರಳು. ಗಾಳಿ ಹೊತ್ತುಹೊತ್ತಿಗೆ ಬಣ್ಣ ಬದಲಿಸುತ್ತಿದ್ದ ನೀರಿನ ಮೇಲೆ ನಮ್ಮನ್ನು ನೂಕುತ್ತಿತ್ತು. ಮೂವತ್ತೆರಡು ವರ್ಷ ನಾನು ನೆರಳಿನಲ್ಲಿ ಕಾಲು ತೊಳೆದ ನೀರುಗಳೆಲ್ಲ ಒಂದಾದ ಮೇಲೊಂದು ಬಂದುಹೋದ ಹಾಗಾಯಿತು. ಹಸಿರು ಬಂತು, ತಣ್ಣನೆಯದು ಬಂತು, ಹಾಲಿನ ಬಣ್ಣದ್ದೊಂದು ಬಂತು. ದಿನಕ್ಕೆ ಮೂರು ಸಲ ಅಹಲ್ಯಕ್ಕ ಅಂಚಿನಿಂದ ಬಗ್ಗಿ, ಮೊಣಕೈವರೆಗೆ ಕೈ ಇಳಿಸಿ, ಕಣ್ಣು ಮುಚ್ಚಿ ಕೂರುತ್ತಿದ್ದರು. "ಇದಲ್ಲ" ಎನ್ನುತ್ತಿದ್ದರು. ನಾನು ಹಗ್ಗ ಬಿಗಿ ಮಾಡುತ್ತಿದ್ದೆ. ಮತ್ತೆ ಮುಂದಕ್ಕೆ.

ಹನ್ನೆರಡನೆಯ ದಿನ ಮಧ್ಯಾಹ್ನ ನೀರು ನೀಲಿಗೆ ತಿರುಗಿತು. ಅಹಲ್ಯಕ್ಕ ಕೈ ಇಳಿಸಿದವರು ಬಹಳ ಹೊತ್ತು ತೆಗೆಯಲಿಲ್ಲ. ನಾನು ಪಕ್ಕದಲ್ಲಿ ಬಗ್ಗಿ, "ಇದಾ ಅಕ್ಕ?" ಎಂದೆ. ಅವರು ತಲೆಯಾಡಿಸಿದರು. "ಇದಲ್ಲ. ಅದು ಇದಕ್ಕಿಂತ ತಣ್ಣಗೆ ಇತ್ತು." ಕೈ ಮಾತ್ರ ನೀರಿನಲ್ಲೇ ಇತ್ತು. "ಆದ್ರೆ ಇಲ್ಲಿಂದ ಹೇಳಿದ್ರೂ ಅವರಿಗೆ ಕೇಳ್ತದೆ ಬಿಡು" ಎಂದರು. ಆಮೇಲೆ ನನ್ನ ಕಡೆ ನೋಡದೆ, ಪಕ್ಕದ ಕೋಣೆಯಲ್ಲಿರುವವರ ಜೊತೆ ಮಾತಾಡುವಷ್ಟು ಸಣ್ಣ ಸ್ವರದಲ್ಲಿ ಶುರು ಮಾಡಿದರು. "ಕೇಳಿದ್ರಾ. ಕಣ್ಣಿನದ್ದು ಆಯ್ತು. ಎಲ್ಲ ಸ್ಪಷ್ಟ ಕಾಣ್ತದೆ ಈಗ, ನಿಮ್ಮ ಪುಸ್ತಕದ ಸಣ್ಣ ಅಕ್ಷರವೂ ಕಾಣ್ತದೆ. ದೋಣಿ ಗಟ್ಟಿ ಉಂಟು. ಬುದವಂತ ಬಂದಿದ್ದಾನೆ, ವಾಂತಿ ಮಾಡಿ ಮಾಡಿ ಅರ್ಧ ಆಗಿದ್ದಾನೆ ಪಾಪ. ಅವನಿಗೆ ನಾನು ಬೈದಿಲ್ಲ, ನೀವೂ ಬೈಬೇಡಿ." ಕೈಯನ್ನು ಇನ್ನೂ ಆಳಕ್ಕೆ ಇಳಿಸಿದರು. "ಇನ್ನು ದಿನಾ ಬರ್ಲಿಕ್ಕೆ ಆಗುದಿಲ್ಲ. ಬೇಜಾರು ಮಾಡ್ಬೇಡಿ ಆಯ್ತಾ?"

ನಾನು ಮುಖ ಆಚೆ ತಿರುಗಿಸಿ ಕಣ್ಣೊರೆಸಿಕೊಂಡೆ. ಹೊಟ್ಟೆಯೊಳಗಿಂದ ಒಂದು ಯೋಚನೆ ಎದ್ದು ಬಂತು, ಆತುರದಿಂದ ಹೇಳಿಯೂಬಿಟ್ಟೆ: "ಅಕ್ಕ, ಹಾಯಿ ಇಳಿಸ್ತೇನೆ. ಇಲ್ಲೇ ನಾಲ್ಕು ದಿನ ನಿಲ್ಲುವ, ಬೇಕಾದ್ರೆ ಹತ್ತು ದಿನ. ಕುಡಿಯುವ ನೀರು ಉಂಟು, ಅಕ್ಕಿ ಉಂಟು. ಅದಲ್ಲದಿದ್ರೂ ಅದರ ಹತ್ತಿರದ ನೀರಾದ್ರೂ ಊರಿಗೆ ಬರ್ತದೆ. ನೀವು ಮೊದಲಿನ ಹಾಗೆ ಕೂತುಕೊಳ್ಳಬಹುದು." ಹೇಳುತ್ತಾ ಹಾಯಿಯ ಹಗ್ಗದ ಗಂಟಿಗೆ ಕೈ ಹಾಕಿಯೂ ಆಗಿತ್ತು. ಅಹಲ್ಯಕ್ಕ ಒದ್ದೆ ಕೈಯಿಂದ ನನ್ನ ಕೈಯನ್ನು ಹಿಡಿದು ತಡೆದರು.

"ಬೇಡ ಬುದವಂತ. ಇಳಿಸ್ಬೇಡ. ನಡೀತಾ ಇರ್ಲಿ."

ದೋಣಿಯನ್ನು ಅವರೇ ತಿರುಗಿಸಿದರು, ನಿಧಾನವಾಗಿ, ಇಳಿಯುವ ಸೂರ್ಯನಿಗೆ ಬೆನ್ನು ಹಾಕಿ, ಬಂದ ದಿಕ್ಕಿಗೆ. ಚುಕ್ಕಾಣಿಯನ್ನು ನನ್ನ ಕೈಗೆ ಕೊಟ್ಟು, "ಹೀಗೇ ಹಿಡ್ಕೊ, ಅಲುಗಿಸ್ಬೇಡ" ಎಂದರು. ನನಗೆ ಬರುವುದಿಲ್ಲ ಅಕ್ಕ ಎಂದು ಹೇಳುವುದಕ್ಕೂ ಬಿಡದೆ ಹಲಗೆಯ ಮೇಲೆ ಮಗ್ಗುಲಾದರು. ಸೆರಗು ಮುಖದ ಮೇಲೆ ಎಳೆದುಕೊಂಡದ್ದಷ್ಟೇ ಗೊತ್ತು, ಮರುಗಳಿಗೆಗೆ ಗೊರಕೆ ಕೇಳಿಸಿತು. ಈ ಹನ್ನೆರಡು ದಿನದಲ್ಲಿ ಅವರು ಮಲಗಿದ್ದನ್ನೇ ನಾನು ನೋಡಿರಲಿಲ್ಲ ಎನ್ನುವುದು ಆಗ ನೆನಪಾಯಿತು. ಬಿಸಿಲು ಇಳಿಯುತ್ತಾ ಬಂತು. ಕಾಲು ಜೋಮು ಹಿಡಿಯಿತು, ಮೂಗಿನ ಮೇಲೆ ಏನೋ ಕಚ್ಚಿತು. ಅವರಿಗೆ ಎಚ್ಚರವಾದೀತೆಂದು ನಾನು ಕೆಮ್ಮಲೂ ಇಲ್ಲ, ಅವರು ಹೇಳಿದ ಹಾಗೆಯೇ ಹಿಡಿದುಕೊಂಡು ಕೂತೆ.